ಅಂಗಿ ತೆಗೆಯುವ ಮೊದಲು

ನಮ್ಮ ಕಡೆ ದೇವಸ್ಥಾನಕ್ಕೆ ಹೋದರೆ ಗಂಡಸರು ಅಂಗಿ ತೆಗೆಯಬೇಕು. ಕಾಸರಗೋಡಿನವರಿಗೆ ಇದನ್ನು ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳುತ್ತಿದ್ದೇನೆ, ಯಾಕೆಂದರೆ ನನ್ನ ಕಥೆ ಶುರುವಾಗುವುದೇ ಅಲ್ಲಿಂದ. ಮಧೂರು ಇರಲಿ, ಅನಂತಪುರ ಇರಲಿ, ಎಲ್ಲರೂ ಸಲೀಸಾಗಿ ಅಂಗಿ ಕಳಚಿ ಹೆಗಲಿಗೆ ಹಾಕಿಕೊಂಡು ಒಳಗೆ ನಡೆಯುತ್ತಾರೆ. ನಾನು ಮಾತ್ರ ಚಪ್ಪಲಿ ಬಿಡುವ ಜಾಗದಲ್ಲಿ ಹತ್ತು ನಿಮಿಷ ಮೊಬೈಲ್ ನೋಡುತ್ತಾ ನಿಲ್ಲುತ್ತಿದ್ದೆ. ಜನ ಕಡಿಮೆಯಾದ ಮೇಲೆ ಬೈರಾಸನ್ನು, ಅಂದರೆ ಹೆಗಲ ವಸ್ತ್ರವನ್ನು, ಎದೆಗೆ ಅಡ್ಡ ಹಾಕಿಕೊಂಡು ಹೋಗಿ, ಕೈಮುಗಿದು, ಬೇಗ ಬೇಗ ಹೊರಗೆ ಬರುತ್ತಿದ್ದೆ. ಇಪ್ಪತ್ತು ವರ್ಷ ಹೀಗೇ ನಡೆಯಿತು.

ಸುತ್ತಿಬಳಸಿ ಹೇಳುವುದು ಬೇಡ. ನನ್ನ ಎದೆ ಹೆಂಗಸರ ಎದೆಯ ಹಾಗೆ ಉಬ್ಬಿತ್ತು. ಇದಕ್ಕೆ ಗೈನೆಕೊಮಾಸ್ಟಿಯಾ ಅಂತ ಹೆಸರು ಉಂಟು ಎಂದು ಗೊತ್ತಾಗುವ ಹೊತ್ತಿಗೆ ನನಗೆ ಇಪ್ಪತ್ತೈದು ದಾಟಿತ್ತು. ಅದಕ್ಕೆ ಮೊದಲು ಗೊತ್ತಿದ್ದದ್ದು ಶಾಲೆಯಲ್ಲಿ ಇಟ್ಟ ಅಡ್ಡಹೆಸರು ಮಾತ್ರ. ಅದನ್ನು ಇಲ್ಲಿ ಬರೆಯುವುದಿಲ್ಲ.

ಈಗ ನನಗೆ 33. ಬದಿಯಡ್ಕದ ಹತ್ತಿರ ಒಂದು ಅಕ್ಷಯ ಕೇಂದ್ರದಲ್ಲಿ ಕೆಲಸ, ಕೇರಳದಲ್ಲಿ ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಜಾಗ ಅದು. ಮನೆಯಲ್ಲಿ ತುಳು, ಓದಿದ್ದು ಕನ್ನಡ, ಹೊಟ್ಟೆಪಾಡಿಗೆ ಮಲಯಾಳ. ದಿನವಿಡೀ ಬೇರೆಯವರ ಆಧಾರ್, ರೇಷನ್ ಕಾರ್ಡು, ಪೆನ್ಶನ್ ಅರ್ಜಿ ಸರಿಮಾಡುತ್ತೇನೆ. ನನ್ನದೇ ಒಂದು ಕೆಲಸಕ್ಕೆ ಎಷ್ಟು ಕಾಗದ ಬೇಕು, ಎಷ್ಟು ಬಾಗಿಲು ತಟ್ಟಬೇಕು ಅಂತ ಕಳೆದ ಒಂದು ವರ್ಷದಲ್ಲಿ ಗೊತ್ತಾಯಿತು.

2024ರ ಡಿಸೆಂಬರ್ 31ಕ್ಕೆ ಕೇರಳದ ಶಿವಗಿರಿ ಮಠದ ಸ್ವಾಮೀಜಿ ಈ ಅಂಗಿ ತೆಗೆಸುವ ಪದ್ಧತಿ ಬಿಡಬೇಕು ಎಂದರು, ಅಲ್ಲಿನ ಆಗಿನ ಮುಖ್ಯಮಂತ್ರಿಯೂ ಹೌದು ಎಂದರು. ನಮ್ಮ ಕೇಂದ್ರಕ್ಕೆ ಬಂದವರು ಟೋಕನ್ ಹಿಡಿದುಕೊಂಡೇ ಪರ ವಿರೋಧ ಜಗಳ ಮಾಡುತ್ತಿದ್ದರು. ನಾನು ಪರದೆಯಿಂದ ತಲೆ ಎತ್ತಲಿಲ್ಲ. ಒಳಗೊಳಗೇ ಸ್ವಾಮೀಜಿಯ ಪಕ್ಷ, ಕಾರಣ ಬೇರೆ ಅಷ್ಟೆ.

ಮರು ವರ್ಷ ಮಾರ್ಚ್ ಕೊನೆ, ಏಪ್ರಿಲ್ ಮೊದಲಿಗೆ ಮಧೂರು ದೇವಸ್ಥಾನದಲ್ಲಿ ಬ್ರಹ್ಮಕಲಶ, ಜತೆಗೆ ಅಪರೂಪಕ್ಕೆ ನಡೆಯುವ ಮೂಡಪ್ಪ ಸೇವೆ ಬಂತು. ಹಿಂದಿನ ಮೂಡಪ್ಪ ಆದದ್ದು 1992ರಲ್ಲಿ, ನಾನು ಹುಟ್ಟಿದ ವರ್ಷ. ಊರಿಗೆ ಊರೇ ಅಲ್ಲಿತ್ತು. ಭಾವ ನನ್ನನ್ನು ಎಳೆದುಕೊಂಡು ಹೋಗಿ ಬಡಿಸುವ ಗುಂಪಿಗೆ ಸೇರಿಸಿದರು. ಒಂದು ಕೈಯಲ್ಲಿ ಸಾರಿನ ಬಕೆಟ್, ಇನ್ನೊಂದು ಕೈಯಲ್ಲಿ ಸೌಟು. ಬೈರಾಸು ಹಿಡಿದುಕೊಳ್ಳಲು ಮೂರನೇ ಕೈ ಇಲ್ಲವಲ್ಲ. ಬಗ್ಗಿ ಬಡಿಸುವಾಗ ಯಾರೋ ಫೋಟೋ ತೆಗೆದರು. ಸಂಜೆ ವಾಟ್ಸಾಪ್ ಗುಂಪಿಗೆ ಬಂತು. ಅದರ ಕೆಳಗೆ ನನ್ನ ಜತೆ ಓದಿದವನೊಬ್ಬ ಹಳೇ ಅಡ್ಡಹೆಸರು ಬರೆದು, ಪಕ್ಕದಲ್ಲಿ ನಗುವ ಮುಖ ಹಾಕಿದ್ದ.

ಆ ರಾತ್ರಿಯೇ ಮೊಬೈಲಿನಲ್ಲಿ ಲೈಪೊಸಕ್ಷನ್, ಅಂದರೆ ಕೊಳವೆ ಹಾಕಿ ಕೊಬ್ಬು ಎಳೆದು ತೆಗೆಯುವುದು, ಅಂತ ಹುಡುಕಿದೆ. ಬೆಳಿಗ್ಗೆಯಿಂದ ಜಾಹೀರಾತುಗಳ ಮಳೆ.

ಮೊದಲ ತಪ್ಪು ಮಾಡಿದ್ದು ಅಲ್ಲೇ. ಗಡಿಯಾಚೆಯ ಪಟ್ಟಣದ ಒಂದು ಕ್ಲಿನಿಕ್‌ಗೆ ಮೇ ತಿಂಗಳಲ್ಲಿ ಹೋದೆ. ಹೆಸರು ಬೇಡ. ಎಸಿ, ಗಾಜಿನ ಬಾಗಿಲು, ಕುಡಿಯಲು ಗ್ರೀನ್ ಟೀ. ನನ್ನನ್ನು ನೋಡಿದ್ದು ಡಾಕ್ಟರಲ್ಲ, ಕೌನ್ಸೆಲರ್ ಅಂತೆ. ಅಂಗಿ ತೆಗೆಯಲು ಕೂಡ ಹೇಳಲಿಲ್ಲ! ನಾನು ಇಪ್ಪತ್ತು ವರ್ಷ ಹೆದರಿದ್ದೇ ಅದಕ್ಕೆ, ಇವರಿಗೆ ಅದರ ಅಗತ್ಯವೇ ಬೀಳಲಿಲ್ಲ. ಟ್ಯಾಬ್‌ನಲ್ಲಿ ಮೊದಲು ಮತ್ತು ನಂತರದ ಚಿತ್ರಗಳನ್ನು ತೋರಿಸಿ, "ಸರ್, ಎದೆಗೆ 65,000. ಹೊಟ್ಟೆಯೂ ಸೇರಿದರೆ 1,10,000. ಈ ವಾರದ ಒಳಗೆ ಬುಕ್ ಮಾಡಿದ್ರೆ ಮಾತ್ರ ಈ ರೇಟು" ಎಂದರು. ಆಪರೇಷನ್ ಮಾಡುವವರು ಯಾರು ಎಂದು ಕೇಳಿದೆ. "ನಮ್ಮ ಟೀಮ್ ಬೆಂಗಳೂರಿಂದ ಬರ್ತದೆ" ಎಂಬ ಉತ್ತರ. ನಾನು ಪೆದ್ದನ ಹಾಗೆ 5,000 ಮುಂಗಡ ಕೊಟ್ಟು ಬಂದೆ. ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ಹಣ ವಾಪಸಿಲ್ಲ ಅಂತ ಇತ್ತು. ಬೇರೆಯವರ ಅರ್ಜಿಯ ಸಣ್ಣ ಅಕ್ಷರ ಓದುವುದೇ ನನ್ನ ಉದ್ಯೋಗ, ನೋಡಿ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬೈಯಲಿಲ್ಲ. "ಡಾಕ್ಟ್ರು ಮುಟ್ಟಿ ನೋಡದೆ ಏನನ್ನು ತೆಗೀತಾರೆ?" ಎಂದು ಕೇಳಿದಳು, ಅಷ್ಟೆ.

ಅವಳ ಮಾತಿನ ಮೇಲೆ ಜೂನ್‌ನಲ್ಲಿ ಮಂಗಳೂರಿಗೆ ಹೋಗಿ ಹಾರ್ಮೋನಿನ ಡಾಕ್ಟರನ್ನು ಕಂಡೆ. ಯಾರಿಗಾದರೂ ಈ ತೊಂದರೆ ಇದ್ದರೆ ನಾನು ಹೇಳುವುದು ಇದೇ: ಸರ್ಜನ್‌ಗೆ ಮೊದಲು ಇವರ ಹತ್ತಿರ ಹೋಗಿ. ಎದೆ ಉಬ್ಬಿದ್ದು ಯಾಕೆ ಅಂತ ಗೊತ್ತಾಗದೆ ಕೊಯ್ಯಿಸಿಕೊಂಡರೆ ಅದು ಮತ್ತೆ ಬರಬಹುದು. ಲಿವರ್, ಥೈರಾಯ್ಡ್, ವೃಷಣದ ಗೆಡ್ಡೆ, ಹುಟ್ಟಿನಿಂದ ಬರುವ ಕ್ರೋಮೋಸೋಮಿನ ವ್ಯತ್ಯಾಸ, ಹೀಗೆ ಕಾರಣಗಳು ಸುಮಾರು ಉಂಟು. ಜಿಮ್ಮಿನ ಸ್ಟಿರಾಯ್ಡ್ ಚುಚ್ಚುಮದ್ದೂ ಒಂದು. ಹುಡುಗರಿಗೆ ಹದಿಮೂರು ಹದಿನಾಲ್ಕರಲ್ಲಿ ಎದೆ ಸ್ವಲ್ಪ ಉಬ್ಬುವುದು ತೀರಾ ಸಾಮಾನ್ಯವಂತೆ. ಹೆಚ್ಚಿನವರಿಗೆ ಆರು ತಿಂಗಳಿಂದ ಎರಡು ವರ್ಷದೊಳಗೆ ತಾನಾಗಿ ಇಳಿಯುತ್ತದೆ. ನನಗೆ ಇಳಿಯಲಿಲ್ಲ. ನಡುವೆ ಜಿಮ್ಮಿಗೆ ಹೋಗಿ 86 ಕಿಲೋದಿಂದ 77ಕ್ಕೆ ಬಂದಿದ್ದೆ. ಹೊಟ್ಟೆ ಇಳಿಯಿತು, ಎದೆಯ ಕೆಳಗಿನ ಮಾಂಸಖಂಡ ಗಟ್ಟಿಯಾಗಿ ಅದೇ ಉಬ್ಬನ್ನು ಇನ್ನಷ್ಟು ಮುಂದೆ ತಳ್ಳಿತು.

ಆ ಡಾಕ್ಟರಮ್ಮ ಅರ್ಧ ಗಂಟೆ ಪ್ರಶ್ನೆ ಕೇಳಿದರು. ಕೊನೆಗೆ, "ಯಾವುದಾದರೂ ಮಾತ್ರೆ?"

"ಏನಿಲ್ಲ ಮೇಡಂ."

"ಆಯುರ್ವೇದ? ಗ್ಯಾಸ್ಟ್ರಿಕ್? ನಿದ್ದೆಗೆ? ಕೂದಲಿಗೆ?"

ಕೂದಲಿಗೆ! ನಿಜ ಹೇಳಬೇಕೆಂದರೆ ಒಂದೂವರೆ ವರ್ಷದಿಂದ ಕೂದಲು ಉದುರುವುದಕ್ಕೆ ಫಿನಾಸ್ಟಿರೈಡ್ 1 ಮಿಲಿಗ್ರಾಂ ನುಂಗುತ್ತಿದ್ದೆ. ಆನ್‌ಲೈನಿನಲ್ಲಿ ತರಿಸಿದ್ದು. ಅದನ್ನು ಮದ್ದು ಅಂತಲೇ ನಾನು ಲೆಕ್ಕ ಹಿಡಿದಿರಲಿಲ್ಲ, ಶಾಂಪೂ ಜತೆ ಬರುತ್ತಿತ್ತಲ್ಲ. ಅದರಿಂದಲೂ ಎದೆ ಉಬ್ಬಬಹುದು, ನೋಯಬಹುದು, ಪೊಟ್ಟಣದೊಳಗಿನ ಚೀಟಿಯಲ್ಲೇ ಬರೆದಿರುತ್ತದೆ ಎಂದರು. ಒಂದು ವರ್ಷದಿಂದ ಅಂಗಿ ತಾಗಿದರೂ ಮೊಲೆತೊಟ್ಟು ಚುರ್ರೆನ್ನುತ್ತಿದ್ದದ್ದು ಯಾಕೆ ಅಂತ ಆಗ ತಿಳಿಯಿತು.

ರಕ್ತಪರೀಕ್ಷೆಯ ಚೀಟಿ ಉದ್ದ ಇತ್ತು. ಟೆಸ್ಟೊಸ್ಟಿರಾನ್, ಎಲ್‌ಎಚ್, ಎಸ್ಟ್ರಾಡಿಯಾಲ್, ಪ್ರೊಲ್ಯಾಕ್ಟಿನ್, ಟಿಎಸ್‌ಎಚ್, ಬೀಟಾ ಎಚ್‌ಸಿಜಿ, ಲಿವರಿನದ್ದು. ಟೆಸ್ಟೊಸ್ಟಿರಾನ್ ಎಂಬ ಗಂಡಸರ ಹಾರ್ಮೋನು ಬೆಳಿಗ್ಗೆ ಹೆಚ್ಚಿರುತ್ತದೆ, ಹಾಗಾಗಿ ರಕ್ತ ಬೆಳಿಗ್ಗೆಯೇ ಕೊಡಬೇಕು. ನನಗೆ ಇದು ಗೊತ್ತಿಲ್ಲದೆ ಮಧ್ಯಾಹ್ನ ಕೊಡಲು ಹೋಗಿ, ವಾಪಸ್ ಕಳಿಸಿದರು. ಬದಿಯಡ್ಕದಿಂದ ಒಂದೂವರೆ ಗಂಟೆ ಬಸ್ಸು, ಅರ್ಧ ದಿನದ ರಜೆ, ಎಲ್ಲ ದಂಡ. ನೀವು ಹೋಗುವವರಾದರೆ ಮೊದಲೇ ಫೋನ್ ಮಾಡಿ ಸಮಯ ಕೇಳಿಕೊಳ್ಳಿ. ಮರುದಿನ ಕೊಟ್ಟೆ, 3,900 ಆಯಿತು. ಎಲ್ಲ ಸರಿ ಇತ್ತು.

ಆದರೆ ಆಪರೇಷನ್ ಈಗ ಬೇಡ ಎಂದರು. ಮಾತ್ರೆ ನಿಲ್ಲಿಸಿ ಮೂರು ತಿಂಗಳು ಕಾಯಬೇಕು. ಇಳಿಯುವುದಾದರೆ ಇಳಿಯಲಿ.

ಆ ಮೂರು ತಿಂಗಳು ದಿನಾ ಕನ್ನಡಿ ನೋಡಿದೆ. ನೋವು ಎರಡನೇ ತಿಂಗಳಿಗೆ ಹೋಯಿತು. ಉಬ್ಬು ಹೋಗಲಿಲ್ಲ. ತಲೆಗೂದಲು ಮಾತ್ರ ಹೋಗುತ್ತಾ ಬಂತು. ಕ್ಲಿನಿಕ್‌ನವರು ವಾರಕ್ಕೆ ಎರಡು ಸಲ ಫೋನ್ ಮಾಡಿ "ಸರ್, ಸ್ಲಾಟ್ ಖಾಲಿ ಉಂಟು" ಎನ್ನುತ್ತಿದ್ದರು. ನಂಬರ್ ಬ್ಲಾಕ್ ಮಾಡಿದೆ. 5,000 ಹೋಯಿತು ಅಂತ ಬರೆದುಕೊಂಡೆ.

ಸೆಪ್ಟೆಂಬರಿನಲ್ಲಿ ಪ್ಲಾಸ್ಟಿಕ್ ಸರ್ಜನ್ ಭೇಟಿ. ಈ ಸಲ ಬೋರ್ಡಿನಲ್ಲಿ ಎಂಸಿಎಚ್ ಪ್ಲಾಸ್ಟಿಕ್ ಸರ್ಜರಿ ಅಂತ, ಅಂದರೆ ಅದೇ ವಿಷಯ ಓದಿದ ಡಿಗ್ರಿ, ಇದೆಯಾ ಎಂದು ನೋಡಿಯೇ ಹೋದೆ. ಅದೇ ವಿಷಯದ ಡಿಎನ್‌ಬಿ ಡಿಗ್ರಿ ಇದ್ದರೂ ಆಗುತ್ತದೆ. ಬರೀ ಕಾಸ್ಮೆಟಿಕ್ ಸರ್ಜನ್ ಅಂತ ಬರೆದಿದ್ದರೆ ಓದಿದ್ದೇನು ಅಂತ ಕೇಳುವುದರಲ್ಲಿ ನಾಚಿಕೆ ಬೇಡ.

ಅವರು ಮೊದಲು ಹೇಳಿದ ಮಾತೇ "ಅಂಗಿ ತೆಗೀರಿ". ನಾನು ಗುಂಡಿ ಬಿಚ್ಚುವುದಕ್ಕೆ ಹೊತ್ತು ತೆಗೆದುಕೊಂಡೆ. ಅವರು ಅವಸರ ಮಾಡಲಿಲ್ಲ, ಕಡತ ನೋಡುತ್ತಾ ಕೂತರು. ಮಂಚದ ಮೇಲೆ ಮಲಗಿಸಿ, ಹೆಬ್ಬೆರಳು ತೋರುಬೆರಳನ್ನು ಎದೆಯ ಎರಡು ಬದಿಗೆ ಇಟ್ಟು ಮೆಲ್ಲ ಮೆಲ್ಲ ಮೊಲೆತೊಟ್ಟಿನ ಕಡೆಗೆ ತಂದರು. ಆಮೇಲೆ ನನ್ನದೇ ಬೆರಳು ಹಿಡಿದು ಅಲ್ಲಿಟ್ಟರು. "ಒತ್ತಿ ನೋಡಿ. ಸುತ್ತ ಮೆತ್ತಗೆ ಉಂಟಲ್ಲ, ಅದು ಕೊಬ್ಬು. ನಡುವೆ ಏನು ಸಿಗ್ತದೆ?"

ಸಿಕ್ಕಿತು. ಚಪ್ಪಟೆ ಮಾಡಿದ ಅಡಿಕೆಯ ಹಾಗೆ, ಹಳೇ ರಬ್ಬರಿನಷ್ಟು ಗಟ್ಟಿ. ಬೆರಳಿನಡಿ ಜಾರುತ್ತಿತ್ತು. ಇಪ್ಪತ್ತು ವರ್ಷ ನನ್ನ ಮೈಯಲ್ಲೇ ಇದ್ದದ್ದನ್ನು ನಾನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ.

"ಇದು ಸ್ತನದ ಗ್ರಂಥಿ. ಲೈಪೊಸಕ್ಷನ್ ಕೊಳವೆಗೆ ಬರುವುದು ಕೊಬ್ಬು ಮಾತ್ರ. ಬರೀ ಲೈಪೊಸಕ್ಷನ್ ಮಾಡಿ ಕಳಿಸಿದ್ರೆ ಸುತ್ತಲಿನದ್ದು ಇಳಿದು ಇದೊಂದು ಇನ್ನೂ ಚೂಪಾಗಿ ಕಾಣ್ತದೆ."

ನನಗೆ ಹಲಸಿನ ಹಣ್ಣು ನೆನಪಾಯಿತು. ತೊಳೆ ಬಿಡಿಸಬಹುದು. ನಡುವಿನ ಗಟ್ಟಿ ಗೂಂಜಿಗೆ ಕತ್ತಿಯೇ ಬೇಕು.

ಅಂದರೆ ಆ 65,000ದ ಪ್ಯಾಕೇಜಿನಲ್ಲಿ ನನಗೆ ಆಗುತ್ತಿದ್ದದ್ದು ಅರ್ಧ ಕೆಲಸ. ಕೆಲವರಿಗೆ ಎದೆಯಲ್ಲಿ ಕೊಬ್ಬು ಮಾತ್ರ ಇರುತ್ತದೆ, ಅವರಿಗೆ ಲೈಪೊಸಕ್ಷನ್ ಒಂದೇ ಸಾಕು. ದಪ್ಪಗಿರುವವರಿಗೆ ತೂಕ ಇಳಿಸಿದರೆ ಅದೂ ಬೇಡವಾಗಬಹುದು. ಚರ್ಮವೇ ಜೋತು ಬಿದ್ದಿದ್ದರೆ ಚರ್ಮವನ್ನೂ ಕತ್ತರಿಸಬೇಕು, ಆಗ ಗಾಯದ ಗುರುತು ದೊಡ್ಡದು. 1973ರಲ್ಲಿ ಸೈಮನ್ ಎಂಬುವರು ಮತ್ತವರ ಜತೆಯವರು ಮಾಡಿಟ್ಟ ವರ್ಗೀಕರಣವನ್ನೇ ಈಗಲೂ ಬಳಸುತ್ತಾರಂತೆ. ನನ್ನದು ಎರಡನೆಯ ದರ್ಜೆಯ ಎ, ಅಂದರೆ ಮಧ್ಯಮ ಗಾತ್ರ, ಹೆಚ್ಚುವರಿ ಚರ್ಮ ಇಲ್ಲ. ಸ್ಕ್ಯಾನಿಂಗ್ ಮಾಡಿಸಿ ಅದನ್ನೇ ಖಚಿತ ಮಾಡಿಕೊಂಡರು. 1,200.

ಬಂದದ್ದು ಬಂದಾಯಿತಲ್ಲ ಅಂತ ಆಸೆ. "ಹೊಟ್ಟೆಯದ್ದೂ ಒಟ್ಟಿಗೇ ತೆಗೀಬಹುದಾ ಡಾಕ್ಟ್ರೇ?" ಎಂದೆ. ಅವರು ನಕ್ಕು, ಹೊಟ್ಟೆಯ ಚರ್ಮ ಚಿವುಟಿ ಹಿಡಿಯಲು ಹೇಳಿದರು. ಒಂದು ಇಂಚಿಗಿಂತ ಸ್ವಲ್ಪ ಹೆಚ್ಚು ಸಿಕ್ಕಿತು. "ಕೈಗೆ ಸಿಗುವುದು ಚರ್ಮದ ಕೆಳಗಿನ ಕೊಬ್ಬು, ಅದನ್ನು ತೆಗೀಬಹುದು. ನಿಮ್ಮ ಹೊಟ್ಟೆ ಮುಂದೆ ಬಂದದ್ದು ಅದರಿಂದ ಅಲ್ಲ. ಒಳಗೆ ಕರುಳಿನ ಸುತ್ತ ಇರುವ ಕೊಬ್ಬು ಅದು. ನಾವು ಕೊಳವೆ ಆಡಿಸುವುದು ಸ್ನಾಯುವಿನ ಮೇಲೆ. ಅದನ್ನು ದಾಟಿ ಒಳಗೆ ಹೋದ್ರೆ ಕರುಳಿಗೆ ತೂತು ಬೀಳ್ತದೆ. ಅದಕ್ಕೆ ನಡಿಗೆಯೇ ಮದ್ದು."

ಕ್ಲಿನಿಕ್‌ನವರು ನನ್ನ ಹೊಟ್ಟೆಗೆ ಕೇಳಿದ್ದು 45,000.

ಇನ್ನೊಂದು ವಿಷಯವನ್ನು ಅವರು ಎರಡು ಸಲ ಹೇಳಿದರು. ಲೈಪೊಸಕ್ಷನ್ ತೂಕ ಇಳಿಸುವ ಆಪರೇಷನ್ ಅಲ್ಲ. ಒಂದು ಸಲಕ್ಕೆ ಒಟ್ಟು ಐದು ಲೀಟರಿಗಿಂತ ಜಾಸ್ತಿ ಹೊರಗೆ ತೆಗೆದರೆ ಅಪಾಯ ಏರುತ್ತದೆ, ಅದರಲ್ಲೂ ಒಂದು ಪಾಲು ಅವರೇ ಒಳಗೆ ಬಿಟ್ಟ ನೀರು. ತೆಗೆದ ಜಾಗದ ಕೊಬ್ಬಿನ ಕಣಗಳು ವಾಪಸ್ ಬರುವುದಿಲ್ಲ, ನಿಜ. ಆದರೆ ಉಳಿದವು ದಪ್ಪವಾಗಬಹುದು. ಆರು ತಿಂಗಳಿಂದ ತೂಕ ಒಂದೇ ಮಟ್ಟದಲ್ಲಿ ಇದೆಯಾ ಎಂದು ಕೇಳಿದ್ದು ಅದಕ್ಕೇ. ಸಿಗರೇಟು ಇದ್ದರೆ ಕನಿಷ್ಠ ನಾಲ್ಕು ವಾರ ಮೊದಲು ಬಿಡಬೇಕು, ಇಲ್ಲದಿದ್ದರೆ ಗಾಯ ಒಣಗುವುದು ಕಷ್ಟ. ನನಗೆ ಆ ಅಭ್ಯಾಸ ಇಲ್ಲ.

ಕೊನೆಗೆ ಪೆನ್ನು ಕೆಳಗಿಟ್ಟು ಕೇಳಿದರು. "ಇದು ಯಾರಿಗೆ ಬೇಕು? ನಿಮಗಾ, ಮನೆಯವರಿಗಾ?"

ನನಗೆ ಎಂದೆ. "ಇದಾದ ಮೇಲೆ ಏನು ಬದಲಾಗಬೇಕು ಅಂತ ಇದ್ದೀರಿ?" ಎಂದಾಗ ತಕ್ಷಣ ಉತ್ತರ ಬರಲಿಲ್ಲ. ಮನೆಗೆ ಹೋಗಿ ಯೋಚಿಸಿ, ಒಂದು ತಿಂಗಳು ಬಿಟ್ಟು ಬನ್ನಿ ಎಂದರು. ಮುಂಗಡ ಕೇಳಲಿಲ್ಲ. ನಾನು ಅವರನ್ನು ನಂಬಿದ್ದು ಆ ಗಳಿಗೆಯಲ್ಲಿ.

ಮನೆಯಲ್ಲಿ ಹೇಳುವುದೇ ದೊಡ್ಡ ಕೆಲಸ. ಅಮ್ಮನಿಗೆ 2022ರ ಮೇ ತಿಂಗಳ ಸುದ್ದಿ ಬಾಯಿಪಾಠ. ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋಗಿ ತೀರಿಕೊಂಡ ಧಾರಾವಾಹಿ ನಟಿ, 21 ವರ್ಷದ ಹುಡುಗಿ. "ಆ ಮಗು ಮನೆಯಲ್ಲಿ ಹೇಳದೆ ಹೋದದ್ದಂತೆ. ನೀನು ಹೇಳಿ ಸಾಯಲಿಕ್ಕೆ ಹೊರಟದ್ದಾ ಮಗಾ?" ಎಂದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು. "ರಾತ್ರಿ ಏನಾದರೂ ಆದರೆ ತಲಪಾಡಿ ಗಡಿ ದಾಟಬೇಕಲ್ಲ." ಇದನ್ನು ಬೇರೆ ಊರಿನವರು ತಮಾಷೆ ಅಂದುಕೊಂಡಾರು. 2020ರ ಲಾಕ್‌ಡೌನಿನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು, ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಇಲ್ಲಿನವರು ದಾರಿಯಲ್ಲೇ ಜೀವ ಬಿಟ್ಟದ್ದು ನಮ್ಮಲ್ಲಿ ಯಾರೂ ಮರೆತಿಲ್ಲ.

ಭಾವನದ್ದು ಬೇರೆ ಲೆಕ್ಕ. "ಅಷ್ಟು ದುಡ್ಡಿಗೆ ಹೊಸ ಸ್ಕೂಟರೇ ಬರ್ತದೆ ಮಾರಾಯ. ಯಾರು ನೋಡ್ತಾರೆ ನಿನ್ನ ಎದೆ?" ನಾನು ಆ ವಾಟ್ಸಾಪ್ ಫೋಟೋ ತೆಗೆದು ತೋರಿಸಿದೆ. ಅವರು ಕೆಳಗೆ ಬರೆದದ್ದನ್ನು ಓದಿದರು. ಮೊಬೈಲ್ ವಾಪಸ್ ಕೊಟ್ಟು, "ಯಾವತ್ತು ಹೋಗುವುದು? ಕಾರು ನಾನು ತರ್ತೇನೆ" ಎಂದರು.

ಹೆಂಡತಿ ಹೇಳಿದ್ದು ಒಂದೇ ಮಾತು. "ನಿಮಗೆ ಬೇಕಾದ್ರೆ ಮಾಡಿಸಿ. ನನ್ನ ಹೆಸರು ಹೇಳಿ ಮಾಡಿಸ್ಬೇಡಿ."

ಡಾಕ್ಟರ ಪ್ರಶ್ನೆಗೆ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದೆ. ಬಿಗಿ ಬನಿಯನ್ ಇಲ್ಲದೆ ಅಂಗಿ ಹಾಕಬೇಕು. ಕೆರೆಗೆ ಇಳಿಯಬೇಕು. ಬಡಿಸುವಾಗ ಸಾಂಬಾರಿನ ಮೇಲೆ ಗಮನ ಇರಬೇಕು. ಇಷ್ಟೇ ಬಂತು. ಹೆಚ್ಚು ಚೆಂದ ಆಗಬೇಕು, ಜನ ಮೆಚ್ಚಬೇಕು ಅಂತೆಲ್ಲ ಬಂದಿದ್ದರೆ ನಿಲ್ಲಿಸುತ್ತಿದ್ದೆನೋ ಏನೋ.

ಇನ್ನು ದುಡ್ಡು. ನನ್ನ ಹತ್ತಿರ ಐದು ವರ್ಷದ ಹಳೇ ಆರೋಗ್ಯ ವಿಮೆ ಇತ್ತು. ಡಾಕ್ಟರ ಚೀಟಿ, ಸ್ಕ್ಯಾನ್, ರಕ್ತದ ವರದಿ, ಆಧಾರ್, ಪಾಲಿಸಿ ಎಲ್ಲ ಜೋಡಿಸಿ ಮುಂಗಡ ಅನುಮತಿಗೆ ಕಳಿಸಿದೆ. ಆಧಾರಿನಲ್ಲಿ ನನ್ನ ಹೆಸರಿನ ಇನಿಶಿಯಲ್ ಕೊನೆಗೆ, ಪಾಲಿಸಿಯಲ್ಲಿ ಮೊದಲಿಗೆ. ಅದನ್ನು ಸರಿಮಾಡಲು ಹನ್ನೊಂದು ದಿನ. ಅಕ್ಷಯದವನ ಹೆಸರೇ ತಪ್ಪು, ಸಹೋದ್ಯೋಗಿಗಳಿಗೆ ಒಂದು ವಾರದ ನಗು. ಸರಿಯಾದ ಮೇಲೆ ಉತ್ತರ ಬಂತು: ಎಕ್ಸ್‌ಕ್ಲೂಶನ್ 08, ಅಂದರೆ ವಿಮೆಗೆ ಸೇರದ್ದರ ಪಟ್ಟಿಯ ಎಂಟನೇ ಸಂಖ್ಯೆ, ಕಾಸ್ಮೆಟಿಕ್ ಅಥವಾ ಪ್ಲಾಸ್ಟಿಕ್ ಸರ್ಜರಿಗೆ ಹಣ ಇಲ್ಲ. ಈ ಸಂಖ್ಯೆ ಎಲ್ಲ ಕಂಪನಿಯ ಪಾಲಿಸಿಯಲ್ಲೂ ಒಂದೇ. ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ಆದ ಮೇಲೆ ಸರಿಪಡಿಸುವುದಕ್ಕೆ, ಇಲ್ಲವೇ ಆರೋಗ್ಯಕ್ಕೆ ನೇರ ಅಪಾಯ ಇದ್ದರೆ ಮಾತ್ರ ವಿನಾಯಿತಿ. ಅರ್ಜಿ ಹಾಕುವ ಮುಂಚೆ ನಿಮ್ಮ ಪಾಲಿಸಿಯಲ್ಲಿ ಆ ಪುಟ ತೆಗೆದು ಓದಿ. ನನ್ನ ಹಾಗೆ ಒಂದೂವರೆ ತಿಂಗಳು ಸುಮ್ನೆ ಕಾಯಬೇಡಿ.

ಆಸ್ಪತ್ರೆಯ ಅಂದಾಜು 82,000. ಅದರ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ ಅಂತ ಕೌಂಟರಿನಲ್ಲಿ ಹೇಳಿದಾಗ ನನಗೆ ನಂಬಿಕೆ ಬರಲಿಲ್ಲ. ಆಸ್ಪತ್ರೆ ಖರ್ಚಿಗೆ ಎಂಥ ಜಿಎಸ್‌ಟಿ? ಆದರೆ ಹೌದು. ಚಿಕಿತ್ಸೆಗೆ ತೆರಿಗೆ ಇಲ್ಲ, ಸೌಂದರ್ಯದ ಸರ್ಜರಿಗೆ ಉಂಟು. ಹುಟ್ಟಿನ ದೋಷ, ಬೆಳವಣಿಗೆಯ ದೋಷ, ಪೆಟ್ಟು ಬಿದ್ದದ್ದು ಸರಿಪಡಿಸಲು ಮಾಡಿದರೆ ಮತ್ತೆ ಇಲ್ಲ. ನನ್ನದು ಬೆಳವಣಿಗೆಯ ದೋಷವೇ ಅಲ್ವಾ ಎಂದು ವಾದ ಮಾಡಿದೆ. ಕೌಂಟರಿನ ಹುಡುಗಿ ನಾನು ಕೇಂದ್ರದಲ್ಲಿ ಜನರ ಮುಖ ನೋಡುವ ಹಾಗೆಯೇ ನನ್ನ ಮುಖ ನೋಡಿ, "ಸಿಸ್ಟಮ್‌ನಲ್ಲಿ ಹಾಗೇ ಬರ್ತದೆ ಸರ್" ಎಂದಳು. 14,760 ಕಟ್ಟಿದೆ. ಚೀಟಿ ಹಾಕಿದ್ದ ದುಡ್ಡು, ಅಡಿಕೆ ಮಾರಿದ್ದರಲ್ಲಿ ಅಪ್ಪ ಕೊಟ್ಟದ್ದು, ಉಳಿದದ್ದು ಭಾವನ ಕೈಸಾಲ.

ಜನವರಿಯ ಎರಡನೇ ವಾರ ದಿನ ಗೊತ್ತಾಯಿತು. ಹಿಂದಿನ ವಾರ ಮತ್ತೆ ರಕ್ತ, ಇಸಿಜಿ, ಎದೆಯ ಎಕ್ಸ್‌ರೇ, ಅರಿವಳಿಕೆಯ ಡಾಕ್ಟರ ಭೇಟಿ. ಆಸ್ಪಿರಿನ್ ಮತ್ತು ಗೊತ್ತಿಲ್ಲದ ಯಾವ ಪುಡಿ, ಕಷಾಯವನ್ನೂ ತೆಗೆದುಕೊಳ್ಳಬಾರದು, ರಕ್ತ ತೆಳುವಾಗುತ್ತದೆ. ಹಿಂದಿನ ರಾತ್ರಿ ಮಂಗಳೂರಿನಲ್ಲೇ ಲಾಡ್ಜ್ ಮಾಡಿದೆವು. ಹತ್ತು ಗಂಟೆಗೆ ಗಂಜಿ, ಆಮೇಲೆ ಉಪವಾಸ. ಬೆಳಿಗ್ಗೆ ಆರರವರೆಗೆ ನೀರು ಕುಡಿಯಬಹುದಿತ್ತು.

ಒಪ್ಪಿಗೆ ಪತ್ರ ಕನ್ನಡದಲ್ಲಿ ಇತ್ತು. ಈ ಒಂದು ಕಾರಣಕ್ಕೆ ಆ ಆಸ್ಪತ್ರೆಗೆ ನಾನು ಋಣಿ. ಅರ್ಥವಾಗುವ ಭಾಷೆಯಲ್ಲಿ ಓದುವಾಗ ಭಯವೂ ಸರಿಯಾಗಿ ಆಗುತ್ತದೆ. ರಕ್ತ ಹೆಪ್ಪುಗಟ್ಟುವುದು, ನೀರು ತುಂಬುವುದು, ಸೋಂಕು, ಮರಗಟ್ಟುವಿಕೆ, ಎರಡೂ ಬದಿ ಸಮ ಬಾರದಿರುವುದು, ತೊಟ್ಟಿನ ಕೆಳಗೆ ಗುಳಿ ಬೀಳುವುದು, ಅಪರೂಪಕ್ಕೆ ಕೊಬ್ಬಿನ ಚೂರು ರಕ್ತಕ್ಕೆ ಸೇರಿ ಶ್ವಾಸಕೋಶಕ್ಕೆ ಹೋಗುವುದು. ಗುಳಿ ಬೀಳಬಾರದು ಅಂತಲೇ ಗ್ರಂಥಿಯನ್ನು ಪೂರ್ತಿ ಕೆರೆಯುವುದಿಲ್ಲ, ತೊಟ್ಟಿನಡಿ ತೆಳ್ಳಗೆ ಒಂದು ಪದರ ಬಿಡುತ್ತಾರೆ. ಎಲ್ಲ ಓದಿ ಸಹಿ ಹಾಕಿದೆ. ಕೈ ನಡುಗಿ ಸಹಿ ಆಧಾರಿನದ್ದರ ಹಾಗೆ ಬರಲಿಲ್ಲ.

ಥಿಯೇಟರಿಗೆ ಹೋಗುವ ಮೊದಲು ನಿಲ್ಲಿಸಿ ಮಾರ್ಕರಿನಲ್ಲಿ ಎದೆಯ ಮೇಲೆ ಗೀಟು ಹಾಕಿದರು. ಮಲಗಿದರೆ ಕೊಬ್ಬು ಹರಡಿಕೊಳ್ಳುತ್ತದೆ, ಹಾಗಾಗಿ ನಿಂತೇ ಇರುವಾಗ ಹಾಕಬೇಕು. ಸುತ್ತಿನ ಒಳಗೆ ಸುತ್ತು. ಭೂತಕ್ಕೆ ಬಣ್ಣ ಬರೆದ ಹಾಗೆ ಕಾಣುತ್ತದೆ ಎಂದರು ಭಾವ, ನಗಿಸಲು. ಆಮೇಲೆ ಫೋಟೋ. ಆಮೇಲೆ ನಿದ್ದೆ.

ನಿದ್ದೆಯಲ್ಲಿ ನಡೆದದ್ದನ್ನು ಆಮೇಲೆ ಕೇಳಿ ತಿಳಿದೆ. ಕಂಕುಳ ಹತ್ತಿರ ಸಣ್ಣ ತೂತು ಮಾಡಿ, ಉಪ್ಪುನೀರಿಗೆ ಲಿಗ್ನೊಕೇನ್ ಮತ್ತು ಅಡ್ರಿನಲಿನ್ ಸೇರಿಸಿ ಎದೆಯೊಳಗೆ ತುಂಬುತ್ತಾರೆ. ಒಂದು ನೋವಿಗೆ, ಇನ್ನೊಂದು ರಕ್ತನಾಳ ಕುಗ್ಗಿಸಿ ರಕ್ತ ಹೋಗದ ಹಾಗೆ ಮಾಡಲು. ಕ್ಲೈನ್ ಎಂಬ ಅಮೆರಿಕದ ಚರ್ಮರೋಗ ತಜ್ಞರು 1987ರಲ್ಲಿ ಈ ಕ್ರಮವನ್ನು ಪ್ರಕಟಿಸಿದ್ದು. ಅದಕ್ಕೆ ಮೊದಲಿನ ಲೈಪೊಸಕ್ಷನ್‌ನಲ್ಲಿ ರಕ್ತ ತುಂಬಾ ಹೋಗುತ್ತಿತ್ತಂತೆ. ಆಮೇಲೆ ಕೊಳವೆ ಹಾಕಿ ಎಳೆಯುವುದು. ತೊಟ್ಟಿನ ಸುತ್ತಲಿನ ಕಪ್ಪು ವೃತ್ತದ ಕೆಳ ಅಂಚಿನಲ್ಲಿ ಕೊಯ್ದು ಗ್ರಂಥಿ ತೆಗೆಯುವುದು. ಎರಡು ಬದಿ ಸೇರಿ ಕೊಬ್ಬು ಬಂದದ್ದು 350 ಮಿಲಿಲೀಟರ್, ಎರಡು ಗ್ಲಾಸ್ ಚಹಾದಷ್ಟು. ಅಷ್ಟಕ್ಕಾಗಿ ಇಪ್ಪತ್ತು ವರ್ಷ! ಗ್ರಂಥಿಯ ಎರಡು ತುಂಡುಗಳನ್ನು ಡಬ್ಬಿಯಲ್ಲಿ ಭಾವನಿಗೆ ತೋರಿಸಿದರು. ಅವರು ಆ ದಿನ ಊಟ ಮಾಡಲಿಲ್ಲ.

ಎಚ್ಚರವಾದಾಗ ಎದೆಗೆ ಬಿಗಿ ಜಾಕೆಟ್, ಎರಡು ಬದಿಯಲ್ಲಿ ರಕ್ತ ಇಳಿಯುವ ಸಣ್ಣ ಕೊಳವೆ. ನೋವು ನಾನು ಹೆದರಿದಷ್ಟು ಇರಲಿಲ್ಲ, ಯಾರೋ ಎರಡು ದಿನ ಗುದ್ದಿದ ಹಾಗೆ. ಮರುದಿನ ಕೊಳವೆ ತೆಗೆದು ಮನೆಗೆ ಕಳಿಸಿದರು.

ಅಲ್ಲೇ ಎರಡನೇ ತಪ್ಪು. ಇನ್ನೂ ಎರಡು ರಾತ್ರಿ ಮಂಗಳೂರಿನಲ್ಲಿ ಇರಬೇಕಿತ್ತು. ಮೂರನೇ ರಾತ್ರಿ ಎಡಗಡೆ ಬಿಗಿಯತೊಡಗಿತು. ಹತ್ತು ಗಂಟೆಗೆ ನಿಂಬೆಯಷ್ಟಿತ್ತು, ಹನ್ನೆರಡಕ್ಕೆ ಕಿತ್ತಳೆಯಷ್ಟಾಯಿತು. ಡಾಕ್ಟರಿಗೆ ಫೋಟೋ ಕಳಿಸಿದೆ, ಐದೇ ನಿಮಿಷಕ್ಕೆ ಫೋನ್ ಬಂತು, ಈಗಲೇ ಹೊರಡಿ ಎಂದರು. ಅಮ್ಮ ಏನೂ ಹೇಳಲಿಲ್ಲ, ದೇವರ ದೀಪ ಹಚ್ಚಿ ಕೂತರು. ರಾತ್ರಿ ಒಂದು ಗಂಟೆಗೆ ಹೆದ್ದಾರಿಯ ಪ್ರತಿ ಗುಂಡಿಯೂ ನನ್ನ ಎದೆಗೆ ಗೊತ್ತಾಯಿತು. ತಲಪಾಡಿ ಟೋಲಿನಲ್ಲಿ ಎದುರಿಗೆ ಎರಡೇ ಲಾರಿ. ಅಷ್ಟು ಸುಲಭಕ್ಕೆ ದಾಟಿದೆವಲ್ಲ ಎಂದು ಭಾವ ಗಡಿ ದಾಟಿದ ಮೇಲೆ ಒಮ್ಮೆ ಉಸಿರು ಬಿಟ್ಟರು. ಆಸ್ಪತ್ರೆಯಲ್ಲಿ ದಪ್ಪ ಸೂಜಿ ಹಾಕಿ 60 ಮಿಲಿಲೀಟರ್ ಹಳೇ ರಕ್ತ ತೆಗೆದು, ಮತ್ತೆ ಬಿಗಿಯಾಗಿ ಕಟ್ಟಿದರು. ಇದು ಈ ಆಪರೇಷನ್ನಿನಲ್ಲಿ ಆಗುವ ಸಾಮಾನ್ಯ ತೊಂದರೆಯೇ ಅಂತೆ. ಒಪ್ಪಿಗೆ ಪತ್ರದಲ್ಲಿ ಮೊದಲ ಸಾಲಿನಲ್ಲೇ ಇತ್ತಲ್ಲ. ಓದುವುದು ಬೇರೆ, ಹೊತ್ತುಕೊಂಡು ಹೋಗುವುದು ಬೇರೆ. ಮನೆ ದೂರ ಇರುವವರು ಮೊದಲ ಮೂರ್ನಾಲ್ಕು ದಿನ ಆಸ್ಪತ್ರೆಯ ಹತ್ತಿರವೇ ಇರುವ ಏರ್ಪಾಡು ಮಾಡಿಕೊಳ್ಳಿ. ಲಾಡ್ಜಿನ ದುಡ್ಡು ಉಳಿಸಲು ಹೋಗಬೇಡಿ.

ಆಮೇಲಿನದ್ದು ಜಾಕೆಟ್ಟಿನ ಕಾಲ. ಆರು ವಾರ, ಮೊದಲ ನಾಲ್ಕು ವಾರ ಹಗಲು ರಾತ್ರಿ. ನಮ್ಮೂರಿನ ಸೆಕೆಯಲ್ಲಿ ಇದರಷ್ಟು ದೊಡ್ಡ ಶಿಕ್ಷೆ ಇಲ್ಲ. ಬೆವರು, ತುರಿಕೆ, ಕಂಕುಳಲ್ಲಿ ಹುಣ್ಣು. ಒಂದನ್ನು ಒಗೆದು ಒಣಗಿಸುವಾಗ ಹಾಕಲು ಇನ್ನೊಂದು ಬೇಕೇ ಬೇಕು, ಎರಡಕ್ಕೆ 4,600. ಅಡಿಕೆ ಮೂಟೆ ಎತ್ತುವ ಹಾಗಿಲ್ಲ, ಬೈಕಿಲ್ಲ. ಹತ್ತು ದಿನ ರಜೆ ಹಾಕಿ ಆಮೇಲೆ ಕೇಂದ್ರಕ್ಕೆ ಹೋದೆ. ಏನಾಗಿತ್ತು ಎಂದವರಿಗೆ ಕೊಬ್ಬಿನ ಗೆಡ್ಡೆ ಅಂತ ಹೇಳಿದೆ. ಪೂರ್ತಿ ಸುಳ್ಳಲ್ಲವಲ್ಲ.

ಮೂರನೇ ವಾರ ಕನ್ನಡಿ ನೋಡಿ ಅಳು ಬಂತು. ಊತ ಇಳಿದಿರಲಿಲ್ಲ, ಚರ್ಮದಡಿ ಗಂಟು ಗಂಟು, ನೀಲಿ ಹಳದಿ ಕಲೆ. ಮೊದಲಿನದ್ದೇ ಚೆನ್ನಾಗಿತ್ತು ಅನಿಸಿತು. ಈ ದಿನ ಎಲ್ಲರಿಗೂ ಬರುತ್ತದೆ, ಮೂರು ತಿಂಗಳಿಗೆ ಮುಂಚೆ ತೀರ್ಪು ಕೊಡಬೇಡಿ ಎಂದು ಡಾಕ್ಟರು ಹೇಳಿದ್ದರು. ಹೇಳಿದ್ದು ನೆನಪಿದ್ದರೂ ಅಳು ಬರುವುದು ನಿಲ್ಲುವುದಿಲ್ಲ. ಅದಕ್ಕಿಂತ ಕಷ್ಟದ್ದು ಬಯಾಪ್ಸಿ ವರದಿಯ ಒಂಬತ್ತು ದಿನ. ತೆಗೆದ ಗ್ರಂಥಿಯನ್ನು ಪರೀಕ್ಷೆಗೆ ಕಳಿಸುತ್ತಾರೆ, ಕಳಿಸದಿದ್ದರೆ ನೀವೇ ಕೇಳಿ. ಗಂಡಸರಿಗೂ ಎದೆಯ ಕ್ಯಾನ್ಸರ್ ಬರುತ್ತದೆ ಅಂತ ಓದಿದ್ದು ಆ ದಿನಗಳಲ್ಲೇ. ವರದಿಯಲ್ಲಿ ಏನೂ ಇರಲಿಲ್ಲ. ಗೈನೆಕೊಮಾಸ್ಟಿಯಾ, ಅಷ್ಟೇ.

ಒಟ್ಟು ಲೆಕ್ಕ ಕೇಳುವವರಿಗೆ: ತೆರಿಗೆ ಸೇರಿ ಆಸ್ಪತ್ರೆಗೆ 96,760. ಪರೀಕ್ಷೆಗಳು, ಡಾಕ್ಟರ ಫೀಸು, ಜಾಕೆಟ್, ಮದ್ದು, ಆ ಕ್ಲಿನಿಕ್‌ಗೆ ದಾನ ಮಾಡಿದ 5,000 ಎಲ್ಲ ಕೂಡಿ 1,18,560. ಕಾರಿನ ಎಣ್ಣೆಯ ಲೆಕ್ಕ ಭಾವ ಕೊಟ್ಟಿಲ್ಲ.

ಏಪ್ರಿಲ್‌ನಲ್ಲಿ ಮೂರು ತಿಂಗಳ ತಪಾಸಣೆ. ಅದೇ ಗೋಡೆಯ ಮುಂದೆ ಅದೇ ಭಂಗಿಯಲ್ಲಿ ಫೋಟೋ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟರು. ಎದೆ ಚಪ್ಪಟೆಯಾಗಿದೆ. ಎಡಗಡೆ ತೊಟ್ಟು ಬಲಕ್ಕಿಂತ ಒಂದು ಕೂದಲೆಳೆ ಒಳಗೆ ಹೋಗಿದೆ, ನನಗೂ ಡಾಕ್ಟರಿಗೂ ಮಾತ್ರ ಕಾಣುತ್ತದೆ. ಅಲ್ಲಿ ಒಂದು ರೂಪಾಯಿಯಷ್ಟು ಜಾಗಕ್ಕೆ ಇನ್ನೂ ಸ್ಪರ್ಶ ಬಂದಿಲ್ಲ. ಆರು ತಿಂಗಳಿಗೆ ಇನ್ನೊಮ್ಮೆ ಬರಹೇಳಿದ್ದಾರೆ. ಹೊಟ್ಟೆ ಹಾಗೇ ಇದೆ, ನಡೆಯುತ್ತಿದ್ದೇನೆ.

ಹೋದ ವಾರ ರಾತ್ರಿ ಕುಂಬಳೆಯಿಂದ ಒಬ್ಬರ ಫೋನ್. ಭಾವನ ಪರಿಚಯದವರು, ನನಗೆ ಗೊತ್ತಿಲ್ಲ. ಸುಮಾರು ಹೊತ್ತು ಅಡಿಕೆ ರೇಟು ಮಾತಾಡಿ ಆಮೇಲೆ ವಿಷಯಕ್ಕೆ ಬಂದರು. ಅವರಿಗೂ ಅದೇ ತೊಂದರೆ, ಎರಡು ವರ್ಷದಿಂದ. ನೋವೂ ಉಂಟು. ಒಂದು ಕ್ಲಿನಿಕ್‌ನವರು ರೇಟು ಹೇಳಿದ್ದಾರಂತೆ, ಈ ವಾರದೊಳಗೆ ದುಡ್ಡು ಕಟ್ಟಬೇಕಂತೆ, ಕಟ್ಟಬಹುದಾ ಎಂದು ಕೇಳಿದರು.

"ಅದಿರಲಿ ಅಣ್ಣ, ಕೂದಲಿಗೆ ಏನಾದರೂ ಮಾತ್ರೆ ತಗೊಳ್ತಿದ್ದೀರಾ?" ಎಂದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಟಿವಿಯ ಸದ್ದು ಮಾತ್ರ ಕೇಳಿಸಿತು.

"ಅದು ನಿಮಗೆ ಹೇಗೆ ಗೊತ್ತಾಯ್ತು?" ಎಂದರು.